ಚಳಿಯಲ್ಲಿ ಪುಟ್ಟ ಹೆಲಿಕಾಪ್ಟರ್: ಉಡುಪಿ, ಕಳಸ ಮತ್ತು ವಿನ್ನಿಪೆಗ್‌ನಲ್ಲಿ ಹಾರಿಸಿ ಬರೆದ ವಿಮರ್ಶೆ

ಎರಡು ವರ್ಷಗಳಿಂದ ನನ್ನ ಬಳಿ ಇರುವ ರಿಮೋಟ್ ಹೆಲಿಕಾಪ್ಟರಿನ ಬಗ್ಗೆ ಉಡುಪಿಯ ಅನುಭವವನ್ನಷ್ಟೇ ಇಟ್ಟುಕೊಂಡು ಬರೆದಿದ್ದರೆ ಈ ವಿಮರ್ಶೆ ಅರ್ಧ ಪುಟಕ್ಕೆ ಮುಗಿಯುತ್ತಿತ್ತು. ಇಲ್ಲಿ ಅದು ಚೆನ್ನಾಗಿ ಹಾರುತ್ತದೆ. ಆದರೆ ಕಳೆದ ಚಳಿಗಾಲದಲ್ಲಿ ಇದೇ ಯಂತ್ರವನ್ನು ಮೊದಲು ಕಳಸದ ಬಳಿಯ ಕಾಫಿ ತೋಟಕ್ಕೂ, ಅಲ್ಲಿಂದ ಬಂದ ಹತ್ತೇ ದಿನಗಳಲ್ಲಿ ಮಗಳು ಅಳಿಯ ಇರುವ ಕೆನಡಾದ ವಿನ್ನಿಪೆಗ್ ನಗರಕ್ಕೂ ಒಯ್ದೆ. ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಅದರ ಸ್ವಭಾವವೇ ಬೇರೆಯಾಯಿತು. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಈಗ ಹಿಮ ಬೀಳುವ ಊರುಗಳಲ್ಲಿದ್ದಾರೆ. ಅವರನ್ನು ನೋಡಲು ಹೋಗುವವರಲ್ಲಿ ನನ್ನಂತೆ ಈ ಹವ್ಯಾಸ ಇರುವವರೂ ಕೆಲವರು ಇದ್ದಾರೆ. ಮುಖ್ಯವಾಗಿ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಯಂತ್ರದ ಪರಿಚಯ ಮೊದಲು. ಬ್ಯಾಟರಿ ಸೇರಿ ಇದರ ತೂಕ 120 ಗ್ರಾಂ ಮುಟ್ಟುವುದಿಲ್ಲ. ಮುಖ್ಯ ರೋಟರಿನ ಉದ್ದ ಒಂದು ಅಡಿಗೆ ಸ್ವಲ್ಪ ಕಡಿಮೆ. ಮೋಟಾರು ನೇರವಾಗಿ ರೋಟರಿನ ದಂಡಕ್ಕೇ ಕೂತಿದೆ, ಬಾಲದ ರೋಟರಿಗೆ ಪ್ರತ್ಯೇಕವಾದ ಇನ್ನೊಂದು ಮೋಟಾರು ಇದೆ. ಹೀಗಾಗಿ ಹಲ್ಲುಚಕ್ರವೂ ಇಲ್ಲ, ಬೆಲ್ಟೂ ಇಲ್ಲ. ಇದು ಕಲೆಕ್ಟಿವ್ ಪಿಚ್ ಬಗೆಯದು, ಅಂದರೆ ಮೇಲೇರಲು ರೋಟರಿನ ವೇಗ ಹೆಚ್ಚುವುದಿಲ್ಲ, ಸರ್ವೊ ಎಂಬ ಮೂರು ಪುಟ್ಟ ಚಾಲಕ ಮೋಟಾರುಗಳು ಬ್ಲೇಡುಗಳ ಓರೆಯನ್ನು ಬದಲಿಸುತ್ತವೆ. ಎರಡು ಸೆಲ್ಲಿನ, 7.4 ವೋಲ್ಟಿನ, 350 ಮಿಲಿಆಂಪಿಯರ್-ಗಂಟೆಯ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯಿಂದ ನಡೆಯುತ್ತದೆ. ಬೆಂಗಳೂರಿನ ಹವ್ಯಾಸಿ ಗೆಳೆಯರೊಬ್ಬರಿಂದ ನಾಲ್ಕು ಬ್ಯಾಟರಿಗಳ ಸಮೇತ ಕೊಂಡದ್ದು. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಈ ಗಾತ್ರದ ಮಾದರಿಗಳ ಒಳಗಿನ ರಚನೆ ಬಹುಪಾಲು ಒಂದೇ ಬಗೆಯದು. ನಾನು ಹೇಳಲಿರುವ ಗುಣದೋಷಗಳು ಚಳಿಗೆ ಸಂಬಂಧಿಸಿದವೇ ಹೊರತು ಒಂದು ಕಂಪನಿಗೆ ಸೇರಿದವಲ್ಲ.

ಈ ಗಾತ್ರವನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವಿತ್ತು. ನಮ್ಮ 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೋ ವರ್ಗ, ಅದನ್ನು ಹವ್ಯಾಸಕ್ಕೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಕೆನಡಾದಲ್ಲಿಯೂ ನೋಂದಣಿಯ ಗೆರೆ ಇರುವುದು 250 ಗ್ರಾಂಗೇ. ಹಾಗೆಂದು ಎಲ್ಲೆಂದರಲ್ಲಿ ಹಾರಿಸಬಹುದೆಂದು ಅರ್ಥವಲ್ಲ. ಮಂಗಳೂರಿನವರು ಬಜ್ಪೆ ವಿಮಾನ ನಿಲ್ದಾಣದ ಸುತ್ತಲಿನ, ಅನುಮತಿಯಿಲ್ಲದೆ ಹಾರಿಸಲಾಗದ ಕೆಂಪು, ಹಳದಿ ವಲಯಗಳು ಎಲ್ಲಿಯವರೆಗೆ ಹಬ್ಬಿವೆ ಎಂಬುದನ್ನು ನಕ್ಷೆಯಲ್ಲಿ ನೋಡದೆ ಪೆಟ್ಟಿಗೆ ತೆರೆಯಲೇಬಾರದು.

ನಮ್ಮಲ್ಲಿ ಚಳಿಗಾಲವೆಂದರೆ ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವ ತನಕ ಬೆಳಗಿನ ಜಾವಕ್ಕೆ ಇನ್ನೊಂದು ಹೊದಿಕೆ ಬೇಕೆನಿಸುವ ದಿನಗಳು. ಉಷ್ಣಮಾಪಕ 20 ಡಿಗ್ರಿಗೆ ಇಳಿದರೆ ಅದೇ ದೊಡ್ಡ ಸುದ್ದಿ. ಹೆಲಿಕಾಪ್ಟರ್ ಹಾರಿಸುವವರಿಗೆ ವರ್ಷದಲ್ಲೇ ಅತ್ಯುತ್ತಮ ಸಮಯ ಇದು. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲು ಮುಗಿದು ಬೈಲುಗದ್ದೆಗಳು ಖಾಲಿಯಾಗಿರುತ್ತವೆ, ಉದ್ದು ಬಿತ್ತದ ಗದ್ದೆಯೊಂದನ್ನು ಮಾಲೀಕರ ಅನುಮತಿ ಪಡೆದು ಉಪಯೋಗಿಸಬಹುದು. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ನೆಲದ ಕಡೆಯಿಂದ ಬೀಸುವ ಗಾಳಿ ಬಹಳ ಮೆಲ್ಲಗಿರುತ್ತದೆ. ಹನ್ನೊಂದರ ಹೊತ್ತಿಗೆ ಕಡಲಗಾಳಿ ಏಳುತ್ತದೆ, ಆ ಮೇಲೆ 120 ಗ್ರಾಂನ ಯಂತ್ರಕ್ಕೆ ಆಕಾಶದಲ್ಲಿ ಜಾಗವಿಲ್ಲ. ಮಲ್ಪೆ, ಪಡುಕೆರೆಯ ಮರಳಿಗೆ ಇದನ್ನು ಒಯ್ಯಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಉಪ್ಪಿನ ತೇವ ಬೇರಿಂಗಿಗೆ ಸೇರಿದರೆ ಒಂದೇ ತಿಂಗಳಲ್ಲಿ ಕಿರುಗುಟ್ಟತೊಡಗುತ್ತದೆ, ಅದಲ್ಲದೆ ಬಂದರಿನ ಗರುಡಗಳು ಹತ್ತಿರ ಬಂದು ನೋಡುತ್ತವೆ. ಗದ್ದೆಯಲ್ಲಿ 22 ಡಿಗ್ರಿಯಲ್ಲಿ ಒಂದು ಬ್ಯಾಟರಿಗೆ ನನಗೆ ಸಿಗುತ್ತಿದ್ದುದು 5 ನಿಮಿಷ 10 ಸೆಕೆಂಡು. ಇಬ್ಬನಿಯಿಂದ ಒದ್ದೆಯಾದ ಕೂಳೆಯ ಮೇಲೆ ಇಳಿಸುವಾಗ ಬಾಲದ ಮೋಟಾರಿಗೆ ನೀರು ತಾಗದಂತೆ ಒಂದು ರಟ್ಟು ಹಾಸಿಕೊಳ್ಳುತ್ತೇನೆ, ಅಷ್ಟೇ ಇಲ್ಲಿನ ಚಳಿಗಾಲದ ಎಚ್ಚರಿಕೆ.

ಕಳಸದ ಬಳಿ ಭಾವನ ಮನೆಯಿದೆ. ಕಾರ್ಕಳ, ಬಜಗೋಳಿ ದಾಟಿ ಘಾಟಿ ಹತ್ತಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ನಡುವೆ ಹಾದು ಹೋಗುವ ದಾರಿ. ಆ ಕಾಡಿನ ನಡುವೆ ಇಂಥ ಯಂತ್ರಗಳನ್ನು ಹೊರತೆಗೆಯುವ ಯೋಚನೆಯನ್ನೂ ಯಾರೂ ಮಾಡಬಾರದು. ತೋಟದ ಕಾಫಿ ಒಣಗಿಸುವ ಕಣ ನನಗೆ ಸಿಕ್ಕಿತು. ಬೆಳಿಗ್ಗೆ ಏಳಕ್ಕೆ 11 ಡಿಗ್ರಿ. ರಾತ್ರಿಯೆಲ್ಲ ಜಗಲಿಯಲ್ಲೇ ಇದ್ದ ಬ್ಯಾಟರಿಯನ್ನು ಹಾಗೇ ಸಿಕ್ಕಿಸಿ ಹಾರಿಸಿದೆ. ಮೊದಲ ಅರ್ಧ ನಿಮಿಷ ಮೇಲೇರುವಾಗ ಸ್ವಲ್ಪ ಆಲಸ್ಯ ಕಂಡಿತು, ಆಮೇಲೆ ಸರಿಹೋಯಿತು. ಒಟ್ಟು ಸಮಯ 4 ನಿಮಿಷ 25 ಸೆಕೆಂಡಿಗೆ ಇಳಿಯಿತು. ಮರುದಿನ ಬ್ಯಾಟರಿಗಳನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿ ಬೆಳಿಗ್ಗೆ ಹಾರಿಸಿದಾಗ ಮತ್ತೆ ಐದು ನಿಮಿಷದ ಹತ್ತಿರ ಬಂತು. ವಿನ್ನಿಪೆಗ್‌ನಲ್ಲಿ ಎದುರಾಗಲಿದ್ದುದರ ಮುನ್ಸೂಚನೆ ಅಲ್ಲೇ ಇತ್ತು, ಆದರೆ ಅದನ್ನು ನಾನು ಪೂರ್ತಿ ಅರ್ಥಮಾಡಿಕೊಂಡಿರಲಿಲ್ಲ.

ವಿಮಾನ ಪ್ರಯಾಣದ ಬಗ್ಗೆ ಒಂದು ಮಾತು. ಬಿಡಿ ಲಿಪೋ ಬ್ಯಾಟರಿಗಳು ಕೈಚೀಲದಲ್ಲಿಯೇ ಹೋಗಬೇಕು, ಕೆಳಗೆ ಹಾಕುವ ಸಾಮಾನಿನಲ್ಲಿ ಇಡುವಂತಿಲ್ಲ. 100 ವಾಟ್-ಗಂಟೆಯ ಮಿತಿಯ ಮುಂದೆ ನನ್ನ ಒಂದೊಂದು ಬ್ಯಾಟರಿ 2.6 ವಾಟ್-ಗಂಟೆಯದು, ತುದಿಗಳಿಗೆ ಟೇಪು ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಪೊಟ್ಟಣದಲ್ಲಿಟ್ಟು, ಸೆಲ್ಲಿಗೆ 3.8 ವೋಲ್ಟಿನ ಮಟ್ಟದಲ್ಲಿ, ಅಂದರೆ ಸುಮಾರು ಅರ್ಧ ಚಾರ್ಜಿನಲ್ಲಿ ಒಯ್ದೆ. ತಪಾಸಣೆಯವರು ನೋಡಿ ಹಿಂತಿರುಗಿಸಿದರು.

ವಿನ್ನಿಪೆಗ್ ಸಮತಟ್ಟಾದ ಊರು, ಸಮುದ್ರದಿಂದ ಬಹಳ ದೂರ, ಹಾಗಾಗಿ ಅಲ್ಲಿಯ ಚಳಿ ಒಣಚಳಿ. ಅಳಿಯನ ಸಹೋದ್ಯೋಗಿಯೊಬ್ಬರ ಹೊಲ ನಗರದ ಹೊರಗಿತ್ತು. ಮೊದಲ ದಿನ ಮೈನಸ್ 7 ಡಿಗ್ರಿ. ಅಲ್ಲಿಯವರ ಲೆಕ್ಕದಲ್ಲಿ ಹಿತವಾದ ದಿನ. ಬ್ಯಾಟರಿಗಳು ಕೋಟಿನ ಹೊರಜೇಬಿನಲ್ಲಿ ಮುಕ್ಕಾಲು ಗಂಟೆ ಇದ್ದವು. ಪೂರ್ಣ ಚಾರ್ಜ್ ಆಗಿದ್ದ ಬ್ಯಾಟರಿಯನ್ನು ಸಿಕ್ಕಿಸಿದೆ, ಹೆಲಿಕಾಪ್ಟರ್ ಎದ್ದಿತು, ಎದೆಯೆತ್ತರಕ್ಕೆ ಬಂತು, 40 ಸೆಕೆಂಡಿನಲ್ಲಿ ರೋಟರಿನ ಸದ್ದು ಕುಗ್ಗಿ ತಾನಾಗಿಯೇ ಹಿಮದ ಮೇಲೆ ಕುಳಿತುಬಿಟ್ಟಿತು. ಮನೆಗೆ ತಂದು ಅಳೆದರೆ ಬ್ಯಾಟರಿಯಲ್ಲಿ ಮುಕ್ಕಾಲಿಗೂ ಹೆಚ್ಚು ಚಾರ್ಜ್ ಹಾಗೇ ಉಳಿದಿತ್ತು.

ಇದರ ಕಾರಣ ತಿಳಿದರೆ ಉಳಿದದ್ದೆಲ್ಲ ಸುಲಭ. ತಂಪಾದಾಗ ಸೆಲ್ಲಿನೊಳಗಿನ ದ್ರಾವಣ ಗಡುಸಾಗಿ ಲಿಥಿಯಂ ಅಯಾನುಗಳ ಚಲನೆ ನಿಧಾನವಾಗುತ್ತದೆ, ಆಂತರಿಕ ರೋಧ ಏರುತ್ತದೆ. ಗೋಡೆ ಗಡಿಯಾರದಂತೆ ಚೂರೇ ಚೂರು ವಿದ್ಯುತ್ ಕೇಳುವ ಸಾಧನಕ್ಕೆ ಇದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಹೆಲಿಕಾಪ್ಟರು ನೆಲ ಬಿಟ್ಟ ಕ್ಷಣದಿಂದ ದೊಡ್ಡ ಪ್ರವಾಹವನ್ನು ಒಂದೇ ಸಮನೆ ಎಳೆಯುತ್ತದೆ. ರೋಧ ಹೆಚ್ಚಿದಷ್ಟೂ ವೋಲ್ಟೇಜು ಕುಸಿಯುತ್ತದೆ, ಕುಸಿದ ವೋಲ್ಟೇಜನ್ನು ನೋಡಿದ ನಿಯಂತ್ರಕ ಬ್ಯಾಟರಿ ಖಾಲಿಯಾಯಿತೆಂದು ತಿಳಿದು ಶಕ್ತಿ ಕಡಿಮೆ ಮಾಡುತ್ತದೆ. ದೊಡ್ಡ ಹೆಲಿಕಾಪ್ಟರುಗಳ ದಪ್ಪ ಬ್ಯಾಟರಿ ಹಾರಾಟದಲ್ಲಿ ತನ್ನದೇ ಬಿಸಿಯನ್ನು ಸ್ವಲ್ಪ ಉಳಿಸಿಕೊಳ್ಳುತ್ತದೆ. ನನ್ನದು ಹೆಬ್ಬೆಟ್ಟಿನ ಗಾತ್ರದ್ದು, ಮೇಲಿನಿಂದ ರೋಟರಿನ ಗಾಳಿ ಬೀಸುತ್ತಲೇ ಇರುತ್ತದೆ, ಬಿಸಿ ನಿಲ್ಲುವುದಾದರೂ ಎಲ್ಲಿ? ಚಳಿಯ ಮಟ್ಟಿಗೆ ಈ ಗಾತ್ರದ ಯಂತ್ರದ ನಿಜವಾದ ಕೊರತೆ ಇದೇ. ಮುಂಚಿತವಾಗಿ ಬಿಸಿ ಮಾಡಿದ ಬ್ಯಾಟರಿ ಅದಕ್ಕೆ ಅನುಕೂಲವಷ್ಟೇ ಅಲ್ಲ, ಅವಶ್ಯಕ.

ಪರಿಹಾರ ಮಗಳ ಅಡುಗೆಮನೆಯಲ್ಲೇ ಇತ್ತು. ಊರಿನಿಂದ ಒಯ್ದಿದ್ದ, ಚಪಾತಿ ಹಾಕಿಡುವ ಸಣ್ಣ ಹಾಟ್ ಬಾಕ್ಸಿನಲ್ಲಿ, ಅಲ್ಲಿಯವರು ಕೈಗವಸಿನೊಳಗೆ ಇಟ್ಟುಕೊಳ್ಳುವ ಬಿಸಿ ಪೊಟ್ಟಣವೊಂದನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಅದರ ಮೇಲೆ ಬ್ಯಾಟರಿಗಳನ್ನು ಜೋಡಿಸಿದೆ. ಆ ಪೊಟ್ಟಣದಲ್ಲಿರುವುದು ಕಬ್ಬಿಣದ ಪುಡಿ. ಗಾಳಿಯ ಆಮ್ಲಜನಕ ತಾಗಿ ತುಕ್ಕು ಹಿಡಿಯುತ್ತಾ ಬಿಸಿ ಕೊಡುತ್ತದೆ. ಮುಚ್ಚಳವನ್ನು ಬಿಗಿಯಾಗಿ ಹಾಕಿದ ದಿನ ಅರ್ಧ ಗಂಟೆಯಲ್ಲೇ ಪೊಟ್ಟಣ ತಣ್ಣಗಾಗಿತ್ತು, ಗಾಳಿ ಸಿಗದಿದ್ದರೆ ಅದು ಕೆಲಸ ಮಾಡುವುದಿಲ್ಲ. ಮುಚ್ಚಳವನ್ನು ಸ್ವಲ್ಪ ಓರೆಯಾಗಿಟ್ಟ ಮೇಲೆ ಒಳಗೆ 30 ಡಿಗ್ರಿಯ ಆಸುಪಾಸು ಎರಡು ಗಂಟೆ ನಿಂತಿತು. ಪೊಟ್ಟಣವನ್ನು ಬ್ಯಾಟರಿಗೆ ನೇರವಾಗಿ ತಾಗಿಸಬಾರದು, ಅದರ ಮೈ 50 ಡಿಗ್ರಿ ಮೀರಬಲ್ಲದು, ಲಿಪೋ ಬ್ಯಾಟರಿಗೆ ಅಷ್ಟು ಬಿಸಿ ಒಳ್ಳೆಯದಲ್ಲ. ಹೀಗೆ ಬಿಸಿ ಮಾಡಿದ ಬ್ಯಾಟರಿಯಿಂದ ಅದೇ ಮೈನಸ್ 7ರಲ್ಲಿ 3 ನಿಮಿಷ 40 ಸೆಕೆಂಡು ಹಾರಿಸಿದೆ. ಮೈನಸ್ 18ರಂದು ಎರಡೂವರೆ ನಿಮಿಷ. ಹಾರಾಟದ ಗಡಿಯಾರವನ್ನು ಇದಕ್ಕಿಂತ ಮೂವತ್ತು ಸೆಕೆಂಡು ಕಡಿಮೆಗೆ ಹೊಂದಿಸಿಕೊಳ್ಳುವುದು ವಿವೇಕ, ಏಕೆಂದರೆ ಚಳಿಯಲ್ಲಿ ಕೊನೆಯ ಕುಸಿತ ಎಚ್ಚರಿಕೆ ಕೊಡದೆ ಬರುತ್ತದೆ.

ಚಾರ್ಜ್ ಮಾಡುವ ವಿಷಯದಲ್ಲಿ ನಾನು ಮಾಡಿದ ತಪ್ಪಿನಿಂದ ಒಂದು ಬ್ಯಾಟರಿ ಕಳೆದುಕೊಂಡೆ. ಇನ್ನೊಂದು ಸುತ್ತು ಹಾರಿಸಬೇಕೆಂಬ ಆಸೆಯಿಂದ, ಹೊಲದಲ್ಲೇ, ನಿಂತಿದ್ದ ಕಾರಿನ ಸಾಕೆಟ್ಟಿಗೆ ಚಾರ್ಜರ್ ಸಿಕ್ಕಿಸಿ ತಣ್ಣಗಿದ್ದ ಬ್ಯಾಟರಿಗೆ ವಿದ್ಯುತ್ ಕೊಟ್ಟೆ. ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಋಣಧ್ರುವದ ಗ್ರಾಫೈಟಿನೊಳಗೆ ಸೇರುವ ಬದಲು ಅದರ ಮೇಲೆ ಲೋಹವಾಗಿ ಲೇಪಗೊಳ್ಳುತ್ತದೆ. ಇದು ಸರಿಪಡಿಸಲಾಗದ ಹಾನಿ, ಮುಂದೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ವಾರದೊಳಗೆ ಆ ಬ್ಯಾಟರಿ ಉಬ್ಬಿಕೊಂಡಿತು, ಅಲ್ಲಿಯ ಬ್ಯಾಟರಿ ಸಂಗ್ರಹಣಾ ಕೇಂದ್ರಕ್ಕೆ ಒಪ್ಪಿಸಿ ಬಂದೆ. ಹೆಲಿಕಾಪ್ಟರಿನ ಜೊತೆಗೆ ಬಂದ ಕೈಪಿಡಿಯಲ್ಲಿ ಚಳಿಯ ಬಗ್ಗೆ ಒಂದು ಸಾಲೂ ಇಲ್ಲ. ಮನೆಯೊಳಗೆ ತಂದು, ಮುಟ್ಟಿದರೆ ಕೋಣೆಯಷ್ಟೇ ಬೆಚ್ಚಗಿದೆ ಎನಿಸಿದ ಮೇಲೆ ಮಾತ್ರ ಚಾರ್ಜರಿಗೆ ಹಾಕಬೇಕೆಂಬ ಒಂದು ವಾಕ್ಯ ಅದರಲ್ಲಿ ಇರಬೇಕಿತ್ತು.

ಇನ್ನು ಹಾರಾಟದ ಅನುಭವ. ಇದು ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗ. ತಂಪಾದ ಗಾಳಿ ಹೆಚ್ಚು ಸಾಂದ್ರ. 32 ಡಿಗ್ರಿಯ ಮಂಗಳೂರಿನ ತೇವದ ಗಾಳಿಗೂ ಮೈನಸ್ 15ರ ವಿನ್ನಿಪೆಗ್ ಗಾಳಿಗೂ ಲೆಕ್ಕ ಹಾಕಿದರೆ, ಅಲ್ಲಿಯದು ಸುಮಾರು ಆರನೇ ಒಂದರಷ್ಟು ಹೆಚ್ಚು ದಟ್ಟವಾಗಿರುತ್ತದೆ. ಅದೇ ವೇಗದಲ್ಲಿ ತಿರುಗುವ ಅದೇ ಬ್ಲೇಡು ಕಡಿಮೆ ಓರೆಯಲ್ಲೇ ಯಂತ್ರವನ್ನು ಎತ್ತಿ ನಿಲ್ಲಿಸುತ್ತದೆ. ಊರಿನಲ್ಲಿ ನಿಶ್ಚಲವಾಗಿ ನಿಲ್ಲಿಸಲು ರಿಮೋಟಿನ ಕೋಲು ಎಲ್ಲಿರಬೇಕೆಂದು ನನ್ನ ಹೆಬ್ಬೆರಳಿಗೆ ಗೊತ್ತಿತ್ತೋ, ಅಲ್ಲೇ ಇಟ್ಟರೆ ವಿನ್ನಿಪೆಗ್‌ನಲ್ಲಿ ಹೆಲಿಕಾಪ್ಟರು ಮೇಲಕ್ಕೆ ಜಿಗಿಯುತ್ತಿತ್ತು. ಇಳಿಸುವಾಗ ಗಾಳಿಯೇ ಹಿಡಿದುಕೊಂಡಂತೆ ನಿಧಾನವಾಗಿ ಬರುತ್ತಿತ್ತು. ಗಾಳಿಯಿಲ್ಲದ ಒಂದು ಮಧ್ಯಾಹ್ನ ಹತ್ತಡಿ ಎತ್ತರದಲ್ಲಿ ಅದು ಅಲುಗಾಡದೆ ನಿಂತದ್ದನ್ನು ನೋಡಿ ಮೊಮ್ಮಗಳು, "ಅಜ್ಜ, ಅದನ್ನು ಯಾರೋ ದಾರದಲ್ಲಿ ಕಟ್ಟಿದ್ದಾರಾ?" ಎಂದು ಕೇಳಿದಳು. ಉಡುಪಿಯಲ್ಲಿ ಎರಡು ವರ್ಷಗಳಲ್ಲಿ ಅಂಥ ನಿಲುವು ನನಗೆ ಒಮ್ಮೆಯೂ ದೊರೆತಿರಲಿಲ್ಲ. ಬೆಟ್ಟದ ಊರುಗಳಲ್ಲಿ ಮಾತ್ರ ಈ ಲಾಭವನ್ನು ನಿರೀಕ್ಷಿಸಬೇಡಿ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಚಳಿ ಕೊಟ್ಟದ್ದನ್ನು ಎತ್ತರ ಕಿತ್ತುಕೊಳ್ಳುತ್ತದೆ.

ಆದರೆ ಈ ಸ್ಥಿರತೆ ದೊರಕಬೇಕಾದರೆ ಜೈರೊವನ್ನು, ಅಂದರೆ ಯಂತ್ರ ತಿರುಗುವುದನ್ನು ಗುರುತಿಸುವ ಸಂವೇದಕವನ್ನು ಸರಿಯಾಗಿ ಎಬ್ಬಿಸಬೇಕು. ಬೆಚ್ಚಗಿನ ಕಾರಿನೊಳಗೇ ಬ್ಯಾಟರಿ ಸಿಕ್ಕಿಸಿ, ಜೈರೊ ತನ್ನ ಸೊನ್ನೆಯನ್ನು ಗುರುತಿಸಿಕೊಂಡ ಮೇಲೆ ಹೊರಗೆ ತಂದು ಹಾರಿಸಿದ ದಿನ, ಬಾಲ ಒಂದೇ ಸಮನೆ ಎಡಕ್ಕೆ ಜಾರುತ್ತಿತ್ತು. ಈ ಸಂವೇದಕಗಳ ಸೊನ್ನೆ ಉಷ್ಣತೆಯೊಂದಿಗೆ ಸರಿಯುತ್ತದೆ. ಆದ್ದರಿಂದ ಯಂತ್ರವನ್ನು ಬ್ಯಾಟರಿಯಿಲ್ಲದೆ ಹತ್ತು ನಿಮಿಷ ಹೊರಗೆ ತಣ್ಣಗಾಗಲು ಬಿಡಬೇಕು, ಬ್ಯಾಟರಿ ಮಾತ್ರ ಡಬ್ಬಿಯೊಳಗೆ ಬೆಚ್ಚಗಿರಬೇಕು, ಹಾರಿಸುವ ಮುನ್ನ ಅಲ್ಲೇ ಸಿಕ್ಕಿಸಬೇಕು. ಮೈ ತಣ್ಣಗೆ, ಹೊಟ್ಟೆ ಬೆಚ್ಚಗೆ ಎಂದು ನೆನಪಿಟ್ಟುಕೊಂಡಿದ್ದೇನೆ. ಬೆಲ್ಟ್ ಇಲ್ಲದಿರುವುದು ಅಲ್ಲಿ ದೊಡ್ಡ ಅನುಕೂಲ. ಬೆಲ್ಟಿನಿಂದ ಬಾಲ ತಿರುಗಿಸುವ ದೊಡ್ಡ ಮಾದರಿಗಳಲ್ಲಿ ಒಣಚಳಿಗೆ ಬೆಲ್ಟು ಉಜ್ಜಿ ಸ್ಥಿರವಿದ್ಯುತ್ ಸೇರಿಕೊಂಡು ರಿಮೋಟಿನ ಸಂಕೇತ ಹಿಡಿಯುವ ರಿಸೀವರನ್ನು ಕಾಡುವುದುಂಟು. ಬಾಗಿಲ ಹಿಡಿ ಮುಟ್ಟಿದರೂ ಕಿಡಿ ಹಾರುವ ಆ ಊರಿನಲ್ಲಿ ಈ ಚಿಂತೆ ನನಗಿರಲಿಲ್ಲ.

ಪ್ಲಾಸ್ಟಿಕ್ಕಿನ ಮಾತು ಬೇರೆ. ಗದ್ದೆಯ ಕೂಳೆಯ ಮೇಲೆ ಸೊಂಟದೆತ್ತರದಿಂದ ಬಿದ್ದರೂ ಬಾಗಿ ನೆಟ್ಟಗಾಗುತ್ತಿದ್ದ ಸ್ಕಿಡ್, ಅಂದರೆ ಕೆಳಗಿನ ಕಾಲುಗಳು, ಮೈನಸ್ 18ರಲ್ಲಿ ಒಂದಡಿ ಎತ್ತರದಿಂದ ಗಟ್ಟಿಹಿಮದ ಮೇಲೆ ಕೂತಾಗ ಹಪ್ಪಳದಂತೆ ಮುರಿದವು. ರೋಟರಿನ ತಲೆಯೊಳಗಿನ ರಬ್ಬರ್ ಉಂಗುರಗಳು ಚಳಿಗೆ ಗಡುಸಾಗುವುದರಿಂದ ಮೊದಲ ಇಪ್ಪತ್ತು ಸೆಕೆಂಡು ಸಣ್ಣ ನಡುಕ ಕಾಣುತ್ತದೆ. ತಾಳ್ಮೆಯಿಂದ ಕೆಳಮಟ್ಟದಲ್ಲೇ ನಿಲ್ಲಿಸಿದ್ದರೆ ಹೋಗುತ್ತದೆ. ಹೊಸದಾಗಿ ಬಿದ್ದ ಮೆತ್ತನೆಯ ಹಿಮದ ಮೇಲೆ ಬಿದ್ದರೆ ಏನೂ ಮುರಿಯುವುದಿಲ್ಲ, ಆದರೆ ಹಿಮದ ಪುಡಿ ಮೋಟಾರಿನೊಳಗೆ, ಬೋರ್ಡಿನ ಮೇಲೆ ಸೇರಿಕೊಳ್ಳುತ್ತದೆ, ಅದನ್ನು ಬಾಯಿಂದ ಊದಬಾರದು, ಉಸಿರಿನ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ. ಮೃದುವಾದ ಬಣ್ಣದ ಕುಂಚದಿಂದ ಕೆಡವಬೇಕು.

ಮನೆಗೆ ತರುವಾಗಲೂ ಒಂದು ಎಚ್ಚರಿಕೆ ಬೇಕು. ಎ.ಸಿ. ಕೋಣೆಯಿಂದ ಏಪ್ರಿಲ್ ತಿಂಗಳ ಮಂಗಳೂರಿನ ಬೀದಿಗೆ ಕಾಲಿಟ್ಟ ಕೂಡಲೇ ಕನ್ನಡಕ ಮಂಜಾಗುವುದನ್ನು ನಾವೆಲ್ಲ ಬಲ್ಲೆವು. ಹಿಮದಿಂದ ಅಡುಗೆಮನೆಯ ಹಬೆಗೆ ಬಂದ ಹೆಲಿಕಾಪ್ಟರಿನ ಬೋರ್ಡಿಗೂ ಅದೇ ಆಗುತ್ತದೆ. ಹೊರಗಿರುವಾಗಲೇ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಬಿಗಿದು ತಂದರೆ ತೇವ ಚೀಲದ ಮೇಲೆ ಕೂರುತ್ತದೆ, ಯಂತ್ರ ಒಣಗಿಯೇ ಇರುತ್ತದೆ. ಒಂದು ಗಂಟೆ ಚೀಲ ಬಿಚ್ಚಬಾರದು.

ಕಣ್ಣಿಗೂ ಕೈಗೂ ಆಗುವ ಕಷ್ಟ ಯಂತ್ರದ ಕಷ್ಟಕ್ಕಿಂತ ಕಡಿಮೆಯದಲ್ಲ. ಡಿಸೆಂಬರ್ ಕೊನೆಯಲ್ಲಿ ಉಡುಪಿಯ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ 53 ಡಿಗ್ರಿ ಮೇಲಿದ್ದರೆ ವಿನ್ನಿಪೆಗ್‌ನಲ್ಲಿ ಅದು 17 ಡಿಗ್ರಿಯನ್ನೂ ದಾಟುವುದಿಲ್ಲ. ಎದುರಿನಿಂದ ಸೂರ್ಯ, ಕೆಳಗಿನಿಂದ ಹಿಮದ ಹೊಳಪು. ನನ್ನ ಹೆಲಿಕಾಪ್ಟರಿನ ಬಿಳಿಯ ಮೇಲ್ಕವಚ ಆ ಹಿನ್ನೆಲೆಯಲ್ಲಿ ಕರಗಿಹೋಗಿ, ಮೂತಿ ಯಾವುದು ಬಾಲ ಯಾವುದು ಎಂದು ಎರಡು ಬಾರಿ ತಪ್ಪು ತಿಳಿದೆ. ಗಾಢ ಬಣ್ಣದ ಕವಚವನ್ನೂ ಪೆಟ್ಟಿಗೆಯಲ್ಲಿ ಕೊಡಬೇಕಿತ್ತು. ಬೆರಳುಗಳು ಬರಿಗೈಯಲ್ಲಿ ಮೈನಸ್ 7ಕ್ಕೆ ಐದು ನಿಮಿಷ, ಮೈನಸ್ 18ಕ್ಕೆ ಎರಡು ನಿಮಿಷ ಮಾತ್ರ ಮಾತು ಕೇಳುತ್ತವೆ. ದಪ್ಪ ಕೈಗವಸು ಹಾಕಿದರೆ ಕೋಲಿನ ಸೂಕ್ಷ್ಮ ತಿಳಿಯುವುದಿಲ್ಲ. "ಮಾವ, ಇದನ್ನು ಹಾಕಿ ನೋಡಿ" ಎಂದು ಅಳಿಯ ತಂದುಕೊಟ್ಟ ಟ್ರಾನ್ಸ್‌ಮಿಟರ್ ಚೀಲ ಇಲ್ಲದಿದ್ದರೆ ನಾನು ಎರಡನೆಯ ದಿನಕ್ಕೇ ನಿಲ್ಲಿಸುತ್ತಿದ್ದೆ. ಮೇಲೆ ಪಾರದರ್ಶಕ ಕಿಟಕಿಯಿರುವ, ಎರಡೂ ಬದಿಯಿಂದ ಕೈ ತೂರಿಸುವ ಹೊಲಿದ ಚೀಲ ಅದು; ಒಳಗೆ ಒಂದು ಬಿಸಿ ಪೊಟ್ಟಣ ಹಾಕಿದರೆ ತೆಳ್ಳನೆಯ ಹತ್ತಿಯ ಕೈಗವಸೇ ಸಾಕು, ರಿಮೋಟಿನ ಪರದೆಯೂ ಮಂದವಾಗದೆ ಸರಿಯಾಗಿ ತೋರುತ್ತದೆ. ಕಿಟಕಿಗೆ ಉಸಿರು ತಾಗಿ ಮಂಜಾಗುವುದೊಂದೇ ಅದರ ದೋಷ.

ಹಿಂತಿರುಗಿದ ಮೇಲೆ ಉಳಿದ ಮೂರು ಬ್ಯಾಟರಿಗಳನ್ನು ಉಡುಪಿಯ ಗದ್ದೆಯಲ್ಲೇ ಮತ್ತೆ ಅಳೆದೆ: 5 ನಿಮಿಷ, 5 ನಿಮಿಷ 5 ಸೆಕೆಂಡು, 4 ನಿಮಿಷ 50 ಸೆಕೆಂಡು. ಬಿಸಿ ಮಾಡಿ ಉಪಯೋಗಿಸಿದ ಬ್ಯಾಟರಿಗೆ ಚಳಿ ಶಾಶ್ವತ ಹಾನಿ ಮಾಡಲಿಲ್ಲ. ಸರ್ವೊಗಳು, ಮೋಟಾರುಗಳು ಹಾಗೇ ಇವೆ. ಕರಾವಳಿಯ ಗದ್ದೆಗೆ ಮಾತ್ರ ಬೇಕೆನ್ನುವವರಿಗೆ ಕಡಲಗಾಳಿಯನ್ನೂ ಸ್ವಲ್ಪ ತಡೆಯಬಲ್ಲ ಇನ್ನೊಂದಿಷ್ಟು ದೊಡ್ಡ ಮಾದರಿಯನ್ನೇ ಹೇಳುತ್ತೇನೆ. ಕೈಚೀಲದಲ್ಲಿ ಹೋಗಿಬರಬೇಕು, ಎರಡೂ ದೇಶಗಳ 250 ಗ್ರಾಂನ ಗೆರೆಯೊಳಗೆ ಇರಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಹಾರಿಸಿಲ್ಲ. ಬರುವ ಡಿಸೆಂಬರಿನ ಪ್ರಯಾಣಕ್ಕೆ ನಾಲ್ಕು ಜೊತೆ ಸ್ಕಿಡ್ ತರಿಸಿದ್ದೇನೆ, ಮೇಲ್ಕವಚಕ್ಕೆ ಕಿತ್ತಳೆ ಬಣ್ಣ ಬಳಿದಾಗಿದೆ, ಹಾಟ್ ಬಾಕ್ಸಿನ ಮುಚ್ಚಳಕ್ಕೆ ಗಾಳಿಯಾಡಲು ಎರಡು ತೂತು ಕೊರೆದಿದ್ದೇನೆ. ಮಗಳಿಗೆ ಚಪಾತಿಗೆಂದು ಹೊಸದೊಂದನ್ನು ಕೊಂಡಿದ್ದೇನೆ.